ಹಳೇ ಸ್ವಿಫ್ಟ್ ಕೊಟ್ಟು ಸೆಕೆಂಡ್ಸ್ ನೆಕ್ಸಾನ್ ಇವಿ ತಗೊಂಡ್ರೆ ಅಡ್ಡಿಲ್ವಾ?

ಬೆಟ್ಟದಂಚು (ಶಿರಸಿ):
ಮನೇಲಿ 2017ರ ಪೆಟ್ರೋಲ್ ಸ್ವಿಫ್ಟ್ ಇದೆ, ಕೆಎ-31, ಒಂದೇ ಓನರ್. ಹೋದ ವರ್ಷ ಬಂದ ರೇಟು ಈಗ ಯಾರೂ ಕೊಡ್ತಾ ಇಲ್ಲ, ಬ್ರೋಕರ್ ಕೇಳಿದ್ರೆ ಸರ್ಕಾರ ಎಲ್ಲಾ ಕರೆಂಟ್ ಗಾಡಿಗೇ ಮಾಡ್ತಾ ಇದೆ, ಪೆಟ್ರೋಲ್ ಕಥೆ ಮುಗೀತು ಅಂತಾರೆ. ಅವರ ಹತ್ರಾನೇ 2022ರ ನೆಕ್ಸಾನ್ ಇವಿ ಇದೆ, ಸಣ್ಣ ಬ್ಯಾಟರಿದು, ರೇಟು ನಂಬೋಕಾಗದಷ್ಟು ಕಮ್ಮಿ. ಅಪ್ಪನ ಆಸ್ಪತ್ರೆಗೆ ಆಗಾಗ ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಹೋಗ್ಬೇಕು. ಎಂತ ಮಾಡೋದು?

ಗಾಡಿ ವ್ಯವಹಾರ (ಕುಮಟಾ):
ಸ್ವಿಫ್ಟ್ ರೇಟು ಬಿದ್ದಿದ್ದು ಕರೆಂಟ್ ಗಾಡಿಯಿಂದ ಅಲ್ಲ ಮಾರಾಯ್ರೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳೀತಲ್ಲ, ಶೋರೂಮ್ ಗಾಡೀನೇ ಅಗ್ಗ ಆದ್ಮೇಲೆ ಹಳೇದಕ್ಕೆ ಹಳೇ ರೇಟು ಯಾರು ಕೊಡ್ತಾರೆ. ಇವಿಗೆ 2019ರಿಂದ 5 ಪರ್ಸೆಂಟೇ ಇತ್ತು, ಈಗ್ಲೂ ಅಷ್ಟೇ.

ಇವಿ ಸೆಕೆಂಡ್ಸಲ್ಲಿ ಅಗ್ಗ ಇರೋದಕ್ಕೆ ಕಾರಣಾನೂ ಹೊಸ ಗಾಡಿ ರೇಟೇ. ಆ 2022ರ ಗಾಡಿಗೆ ನಮ್ಮ ರಾಜ್ಯದಲ್ಲಿ ಲೈಫ್ ಟ್ಯಾಕ್ಸ್ ಇರ್ಲಿಲ್ಲ, 2024ರಲ್ಲಿ 10 ಪರ್ಸೆಂಟ್ ಹಾಕಿದ್ದು 25 ಲಕ್ಷದ ಮೇಲಿನದಕ್ಕೆ. ಪೆಟ್ರೋಲ್ ಗಾಡಿ ಮಾರುವಾಗ ಕಟ್ಟಿದ ಟ್ಯಾಕ್ಸೂ ರೇಟಲ್ಲಿ ಸೇರ್ತದೆ, ಇದರಲ್ಲಿ ಸೇರೋಕೆ ಏನೂ ಇಲ್ಲ. ಮೇಲಿಂದ 2024ರಲ್ಲಿ ಕಂಪನಿಯವ್ರೇ ಹೊಸ ನೆಕ್ಸಾನ್ ಇವಿ ರೇಟು ಫೆಬ್ರುವರಿಲಿ ಒಮ್ಮೆ, ಹಬ್ಬದ ಟೈಮಲ್ಲಿ ಇನ್ನೊಮ್ಮೆ 3 ಲಕ್ಷದವರೆಗೂ ಇಳಿಸಿದ್ರು, ಆವಾಗ ಹಳೇ ಗಾಡಿ ಇಟ್ಕೊಂಡೋರಿಗೆಲ್ಲ ಹೊಡೆತ ಬಿತ್ತು.

ಸ್ವಿಫ್ಟ್ ಬ್ರೋಕರಿಗೆ ಕೊಡ್ಬೇಡಿ, ನೇರ ಮಾರಿ. ಜಿಎಸ್‌ಟಿ ನಂಬರ್ ಇರೋ ಡೀಲರ್ ತನ್ನ ಮಾರ್ಜಿನ್ ಮೇಲೆ 18 ಪರ್ಸೆಂಟ್ ಕಟ್ಬೇಕು, 50 ಸಾವಿರ ಇಟ್ಕೊಂಡ್ರೆ 9 ಸಾವಿರ, ಅದನ್ನ ನಿಮ್ಮ ರೇಟಲ್ಲೇ ಮುರೀತಾರೆ. ನಿಮ್ಮಂಥ ಸ್ವಂತಕ್ಕೆ ಗಾಡಿ ಇಟ್ಕೊಂಡೋರು ಇನ್ನೊಬ್ರಿಗೆ ನೇರ ಕೊಟ್ರೆ ಆ ಜಿಎಸ್‌ಟಿ ಇಲ್ಲ.

ಚಾರ್ಜಿಂಗ್ ಪಾಯಿಂಟ್ (ಅಂಕೋಲಾ):
ನನ್ನ ಹತ್ರ ಅದೇ ಗಾಡಿ ಇದೆ. 30.2 ಕಿಲೋವ್ಯಾಟ್ ಅವರ್ ಬ್ಯಾಟರಿ, ಕಾಗದದ ಮೇಲೆ 312 ಕಿಲೋಮೀಟರ್, ರೋಡಲ್ಲಿ 200 ಅಂತ ಇಟ್ಕೊಳ್ಳಿ. ನಿಮಗೆ ಹೋಗ್ತಾ ಘಾಟಿ ಇಳಿಯೋದು, ರೀಜನ್ (ಇಳಿಜಾರಲ್ಲಿ, ಬ್ರೇಕ್ ಹಾಕುವಾಗ ಬ್ಯಾಟರಿಗೆ ವಾಪಸ್ ಚಾರ್ಜ್ ತುಂಬೋದು) ಇರೋದ್ರಿಂದ ಚಾರ್ಜ್ ಅಷ್ಟು ಖರ್ಚಾಗಲ್ಲ, ಆದ್ರೆ ವಾಪಸ್ ಬರುವಾಗ ಪೂರ್ತಿ ಏರು, ಕುಮಟಾದಲ್ಲಿ ಮೀಟರ್ ನೋಡಿ ಇಷ್ಟೇ ಖರ್ಚಾಯ್ತು ಅಂತ ಖುಷಿಪಟ್ಟು ಬೇರೆ ಕಡೆ ಸುತ್ತೋಕೆ ಹೋಗ್ಬೇಡಿ. ಮನೇಲಿ 15 ಆಂಪ್ ಸಾಕೆಟ್ ಸಾಕು, ರಾತ್ರಿ ಹಾಕಿ ಮಲಗಿದ್ರೆ ಬೆಳಿಗ್ಗೆ ಆಗಿರ್ತದೆ. ಆದ್ರೆ ಅರ್ಥಿಂಗ್ ಸರಿ ಇಲ್ದಿದ್ರೆ ಚಾರ್ಜರ್ ಲೈಟ್ ಕೆಂಪಾಗಿ ನಿಂತ್ಬಿಡ್ತದೆ, ಹಳೇ ಮನೆಗಳಲ್ಲಿ ಇದೇ ದೊಡ್ಡ ತಲೆನೋವು, ಗಾಡಿ ತರೋಕೆ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ ಹೊಸ ಅರ್ಥ್ ಪಿಟ್ ಹಾಕಿಸಿ.

ಕಾಳಿ ಸೇತುವೆ (ಕಾರವಾರ):
ಗೋವಾ ಪಾಸಿಂಗ್ ಗಾಡಿ ಏನಾದ್ರೂ ಆಗಿದ್ರೆ ಅಲ್ಲಿನ ಆರ್‌ಟಿಒ ಕೊಡೋ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬಂದಿದ್ಯಾ ಮೊದ್ಲು ನೋಡಿ. ಇಲ್ಲಿ ಅಗ್ಗ ಅಂತ ತಂದು ಆಮೇಲೆ ಆರ್‌ಟಿಒ ಸುತ್ತೋರು ಸುಮಾರು ಜನ.

ಬೆಟ್ಟದಂಚು (ಶಿರಸಿ):
ಇಲ್ಲ, ಕೆಎ-30 ಗಾಡಿ. ಬ್ಯಾಟರಿ ವಾರಂಟಿ ಸೆಕೆಂಡ್ ಓನರ್‌ಗೆ ಸಿಗ್ತದಾ?

ಚಾರ್ಜಿಂಗ್ ಪಾಯಿಂಟ್ (ಅಂಕೋಲಾ):
8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವ್ದು ಮೊದ್ಲು ಅದು. ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಲ್ಲಿ ಹಳೇ ಸರ್ವಿಸ್ ಹಿಸ್ಟರಿ ತೆಗೆಸಿ, ಬ್ಯಾಟರಿ ಹೆಲ್ತ್ ರಿಪೋರ್ಟೂ ಕೇಳಿ, ವಾರಂಟಿ ನಿಮ್ಮ ಹೆಸರಿಗೆ ಮುಂದುವರೀತದೆ ಅಂತ ಬರೆಸ್ಕೊಳ್ಳಿ. ಅದು ಕೈಗೆ ಬರೋವರೆಗೆ ಅಡ್ವಾನ್ಸ್ ಕೊಡ್ಬೇಡಿ.