ಪತಿ ಫೀಲ್ಡ್ ಪೋಸ್ಟಿಂಗ್‌ಗೆ ಹೋದ ಮೇಲೆ ಮಕ್ಕಳನ್ನು ಯಾರ ಬಳಿ ಬಿಡುವುದು, ಖರ್ಚನ್ನು ಹೇಗೆ ಹೊಂದಿಸುವುದು?

ಪ್ರಶ್ನೆ: ಮಲಪ್ರಭಾ, ಬೆಳಗಾವಿ

ನಮ್ಮ ಯಜಮಾನರು ಸೇನೆಯಲ್ಲಿ ಹವಾಲ್ದಾರರು. ಸದ್ಯ ಬೆಳಗಾವಿಯಲ್ಲಿ ಕೆಲಸ, ಕಂಟೋನ್ಮೆಂಟಿನ ಕ್ವಾರ್ಟರ್ಸ್‌ನಲ್ಲಿ ವಾಸ. ಇನ್ನು ಕೆಲವು ತಿಂಗಳಲ್ಲಿ ಅವರಿಗೆ ಉತ್ತರದ ಗಡಿಭಾಗಕ್ಕೆ ವರ್ಗವಾಗಲಿದೆ. ಅದು ಫೀಲ್ಡ್ ಏರಿಯಾ ಆದ್ದರಿಂದ ಕುಟುಂಬವನ್ನು ಕರೆದೊಯ್ಯುವಂತಿಲ್ಲ. ನಾನು ಇಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ತಿಂಗಳಲ್ಲಿ ಒಂದು ವಾರ ರಾತ್ರಿ ಪಾಳಿ ಬರುತ್ತದೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದೂವರೆ ವರ್ಷ. ಇಲ್ಲಿಯವರೆಗೆ ನಾನು ಡ್ಯೂಟಿಗೆ ಹೋದಾಗ ಅವರು, ಅವರಿಲ್ಲದಾಗ ಪಕ್ಕದ ಮನೆಯ ಅಕ್ಕ, ಹೀಗೆ ದಿನ ನಡೆದಿದೆ.

ವಿಚಾರಿಸಿದ ಡೇ ಕೇರ್‌ನವರು ಇಬ್ಬರು ಮಕ್ಕಳಿಗೆ ಸೇರಿ ಕೇಳುವ ಶುಲ್ಕ ನನ್ನ ಸಂಬಳದ ಅರ್ಧದ ಹತ್ತಿರ ಬರುತ್ತದೆ, ಅದೂ ಸಂಜೆ ಆರೂವರೆಗೆ ಬಾಗಿಲು ಹಾಕುತ್ತಾರೆ. ಅತ್ತೆ-ಮಾವ ಗೋಕಾಕದ ಹತ್ತಿರದ ಹಳ್ಳಿಯಲ್ಲಿದ್ದಾರೆ. ಕೆಲಸ ಬಿಟ್ಟು ಊರಿಗೆ ಬಂದುಬಿಡು ಎನ್ನುತ್ತಾರೆ. ಆದರೆ ಅತ್ತೆಯವರಿಗೆ ಮೊಣಕಾಲು ನೋವು, ಒಂದೂವರೆ ವರ್ಷದ ಹುಡುಗನ ಹಿಂದೆ ಓಡುವುದು ಅವರಿಂದ ಆಗದು. ಸೈನಿಕರ ಮಕ್ಕಳ ಪಾಲನೆಗೆ ಸೇನೆಯಿಂದಾಗಲಿ ಸರ್ಕಾರದಿಂದಾಗಲಿ ಏನಾದರೂ ನೆರವಿದೆಯೇ? ಇದೇ ಸ್ಥಿತಿಯನ್ನು ದಾಟಿದವರು ಹೇಗೆ ನಿಭಾಯಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಬೇಕು.

ಉತ್ತರ: ಕುಶಾಲನಗರದಿಂದ, ನಿವೃತ್ತ ಸುಬೇದಾರರ ಪತ್ನಿ

ತಂಗಿ, ಮೊದಲು ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ: ನಮ್ಮ ಸೇನೆಯಲ್ಲಿ ಜವಾನರ ಕುಟುಂಬಕ್ಕೆ ಡೇ ಕೇರ್ ಶುಲ್ಕ ಎಂದು ಪ್ರತ್ಯೇಕ ಭತ್ಯೆ ಇಲ್ಲ. ಸಿಗುವ ನೆರವೆಲ್ಲ ಬೇರೆ ಹೆಸರಿನಲ್ಲಿ, ಬೇರೆ ಬಾಗಿಲಿನಿಂದ ಬರುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮನೆ ಎಂಬುದು ನನ್ನ ಅನುಭವ.

ಫೀಲ್ಡಿಗೆ ಹೋದವರ ಕುಟುಂಬಕ್ಕಾಗಿ ಸೆಪರೇಟೆಡ್ ಫ್ಯಾಮಿಲಿ ಅಕಾಮೊಡೇಶನ್, ಅಂದರೆ ಎಸ್‌ಎಫ್‌ಎ ಎಂಬ ವಸತಿ ವ್ಯವಸ್ಥೆ ಇದೆ. ಎಲ್ಲ ಊರಿನಲ್ಲೂ ಇಲ್ಲ, ಇರುವ ಕಡೆ ಸಾಮಾನ್ಯವಾಗಿ ಕಾಯುವ ಪಟ್ಟಿಯೂ ಇರುತ್ತದೆ. ಆದ್ದರಿಂದ ನಿಮ್ಮ ಯಜಮಾನರು ಹೊರಡುವ ವಾರದಲ್ಲಿ ಅಲ್ಲ, ಪೋಸ್ಟಿಂಗ್ ಆರ್ಡರ್ ಕೈಗೆ ಬಂದ ಕೂಡಲೇ ಯೂನಿಟ್ ಮೂಲಕ ಅರ್ಜಿ ಹಾಕಬೇಕು, ಈಗಿನ ಕ್ವಾರ್ಟರ್ಸ್‌ನಲ್ಲಿ ಎಷ್ಟು ಕಾಲ ಮುಂದುವರಿಯಬಹುದು ಎಂಬುದನ್ನು ಸ್ಟೇಷನ್ ಹೆಡ್‌ಕ್ವಾರ್ಟರ್ಸ್‌ನಲ್ಲಿ, ಅಂದರೆ ನಿಮ್ಮೂರಿನ ಸೇನಾ ಆಡಳಿತ ಕಚೇರಿಯಲ್ಲಿ, ಬರವಣಿಗೆಯಲ್ಲೇ ಕೇಳಿಕೊಳ್ಳಬೇಕು. ಬಾಯಿಮಾತಿನ ಭರವಸೆಯನ್ನು ನಂಬಿ ಮಗುವನ್ನು ಯಾವ ಶಾಲೆಗೂ ಸೇರಿಸಬೇಡಿ.

ಮನೆಗೂ ಮಗುವಿನ ಪಾಲನೆಗೂ ಏನು ಸಂಬಂಧ ಎಂದು ಕೇಳಬಹುದು. ಕಂಟೋನ್ಮೆಂಟಿನ ಒಳಗೆ ಬಾಡಿಗೆಯ ಚಿಂತೆ ಇಲ್ಲ, ಗೇಟಿನಲ್ಲಿ ಕಾವಲಿದೆ, ಮನೆಗೆಲಸಕ್ಕೆ ಬರುವವರಿಗೆ ಪೊಲೀಸ್ ಪರಿಶೀಲನೆಯ ನಂತರವೇ ಪಾಸ್ ಸಿಗುತ್ತದೆ, ಸೇನೆಯ ಚಿಕಿತ್ಸಾಲಯವಾದ ಎಂ.ಐ. ರೂಮ್ ನಡೆದು ಹೋಗುವಷ್ಟು ಹತ್ತಿರ. ಇವೆಲ್ಲಕ್ಕಿಂತ ಮುಖ್ಯವಾಗಿ, ಸಾಲು ಮನೆಗಳಲ್ಲಿ ಎಲ್ಲರ ಗಂಡಂದಿರೂ ಇಂದಲ್ಲ ನಾಳೆ ಫೀಲ್ಡಿಗೆ ಹೋಗುವವರೇ ಆದ್ದರಿಂದ, ರಾತ್ರಿ ಹತ್ತು ಗಂಟೆಗೆ ಮಗುವನ್ನು ಎತ್ತಿಕೊಂಡು ಹೋಗಿ ಬಾಗಿಲು ತಟ್ಟಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಹೊರಗೆ ಬಾಡಿಗೆ ಮನೆ ಹಿಡಿದರೆ ಈ ಆಸರೆಯನ್ನು ಹಣ ಕೊಟ್ಟು ಕೊಳ್ಳಬೇಕಾಗುತ್ತದೆ.

ಫ್ಯಾಮಿಲಿ ವೆಲ್ಫೇರ್ ಸೆಂಟರ್‌ಗೂ ಹೋಗಿ ಬನ್ನಿ. 1966ರಲ್ಲಿ ಆರಂಭವಾದ ಆವ್ವಾ, ಅಂದರೆ ಸೈನಿಕರ ಪತ್ನಿಯರ ಕಲ್ಯಾಣ ಸಂಘದ ಕೆಲಸಗಳು ಸ್ಟೇಷನ್‌ನಿಂದ ಸ್ಟೇಷನ್‌ಗೆ ಬೇರೆಯಾಗಿರುತ್ತವೆ. ಒಂದು ಕಡೆ ಪ್ಲೇ ಸ್ಕೂಲ್ ಇರುತ್ತದೆ, ಇನ್ನೊಂದು ಕಡೆ ಹೊಲಿಗೆ ತರಗತಿ ಮಾತ್ರ. ನಿಮ್ಮಲ್ಲಿ ಇಲ್ಲದಿದ್ದರೆ ಪ್ರತಿ ತಿಂಗಳ ಸಭೆಯಲ್ಲಿ ಎದ್ದು ನಿಂತು ಕೇಳಿ. ಕೆಲಸಕ್ಕೆ ಹೋಗುವ ಪತ್ನಿಯರು ಆ ಸಭೆಗೆ ಹೋಗುವುದೇ ಕಡಿಮೆ. ಹಾಗಾಗಿಯೇ ಅಲ್ಲಿ ಡೇ ಕೇರ್‌ನ ಮಾತು ಏಳುವುದಿಲ್ಲ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಉತ್ತರ: ನಿವೃತ್ತ ಹೆಡ್ ಕ್ಲರ್ಕ್, ಧಾರವಾಡ

ಸಹೋದರಿಯವರು ಮನೆಯ ವಿಷಯ ಸರಿಯಾಗಿ ಹೇಳಿದ್ದಾರೆ. ಕಾಗದಪತ್ರದ ಮತ್ತು ಹಣದ ವಿಷಯವನ್ನು ನಾನು ಸೇರಿಸುತ್ತೇನೆ.

ಮೊದಲನೆಯದಾಗಿ, ಇಬ್ಬರೂ ಮಕ್ಕಳ ಜನನದ ಪಾರ್ಟ್ ಟು ಆರ್ಡರ್, ಅಂದರೆ ಮಕ್ಕಳ ಹೆಸರನ್ನು ಸೇವಾ ದಾಖಲೆಗೆ ಸೇರಿಸುವ ಆದೇಶ, ಪ್ರಕಟವಾಗಿದೆಯೇ ಎಂಬುದನ್ನು ಯಜಮಾನರು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಿ. ಹೆಸರಿನ ಒಂದು ಅಕ್ಷರ ಜನನ ಪ್ರಮಾಣಪತ್ರಕ್ಕೂ ಸೇವಾ ದಾಖಲೆಗೂ ಹೊಂದದಿದ್ದರೆ, ಅದನ್ನು ಗಡಿಯಲ್ಲಿ ಕೂತು ಸರಿಪಡಿಸುವುದು ಬಹಳ ಕಷ್ಟ.

ಎರಡನೆಯದು ಮಕ್ಕಳ ಶಿಕ್ಷಣ ಭತ್ಯೆ. ಏಳನೇ ವೇತನ ಆಯೋಗದ ನಂತರ ಇದು ಪ್ರತಿ ಮಗುವಿಗೆ ತಿಂಗಳಿಗೆ 2,250 ರೂಪಾಯಿ ಇತ್ತು. ತುಟ್ಟಿಭತ್ಯೆ ಶೇಕಡ 50ನ್ನು ಮುಟ್ಟಿದ್ದರಿಂದ 2024ರ ಜನವರಿ 1ರಿಂದ 2,812 ರೂಪಾಯಿ 50 ಪೈಸೆಗೆ ಏರಿದೆ, ಅಂದರೆ ವರ್ಷಕ್ಕೆ 33,750 ರೂಪಾಯಿ. ಹಿರಿಯ ಇಬ್ಬರು ಮಕ್ಕಳಿಗೆ ಸಲ್ಲುತ್ತದೆ, ಶಾಲೆಯ ಮುಖ್ಯಸ್ಥರ ಪ್ರಮಾಣಪತ್ರ ಸಾಕು, ವರ್ಷ ಮುಗಿದ ಮೇಲೆ ಒಮ್ಮೆಗೇ ಬರುತ್ತದೆ. ಆದರೆ ಇದು ಶಾಲೆಯ ಭತ್ಯೆಯೇ ಹೊರತು ಡೇ ಕೇರ್ ಭತ್ಯೆಯಲ್ಲ. ನಿಮ್ಮ ಮಗಳು ಮಾನ್ಯತೆ ಇರುವ ಶಾಲೆಯ ನರ್ಸರಿ ಅಥವಾ ಎಲ್‌ಕೆಜಿಯಲ್ಲಿದ್ದರೆ ಅವಳ ಹೆಸರಿನಲ್ಲಿ ಬರುತ್ತದೆ. ಒಂದೂವರೆ ವರ್ಷದ ಮಗನ ಹೆಸರಿನಲ್ಲಿ ಈಗ ಏನೂ ಬರುವುದಿಲ್ಲ. ಮಗಳ ಭತ್ಯೆಯ ಹಣ ಕೈಸೇರಿದಾಗ ಅದನ್ನು ಮಗನ ಡೇ ಕೇರ್‌ಗೆ ಎತ್ತಿಡುವುದೊಂದೇ ದಾರಿ.

ಮೂರನೆಯದಾಗಿ, ಮನೆ ಬಾಡಿಗೆ ಭತ್ಯೆಯ ಲೆಕ್ಕ. ಸರ್ಕಾರಿ ವಸತಿ ಸಿಗದಿದ್ದರೆ, ಫೀಲ್ಡಿನಲ್ಲಿರುವವರಿಗೆ ಕುಟುಂಬ ವಾಸಿಸುವ ಊರಿನ ದರ್ಜೆಗೆ ತಕ್ಕಂತೆ ಈ ಭತ್ಯೆ ಬರುತ್ತದೆ. ಬೆಂಗಳೂರು ಎಕ್ಸ್ ದರ್ಜೆ, ಬೆಳಗಾವಿ ವೈ, ಹಳ್ಳಿಗಳು ಝಡ್. ಈಗಿನ ದರ ಕ್ರಮವಾಗಿ ಮೂಲವೇತನದ ಶೇಕಡ 30, 20 ಮತ್ತು 10. ಊರಿಗೆ ಹೋದರೆ ಖರ್ಚು ಉಳಿಯುತ್ತದೆ ಎನ್ನುವವರು ನಿಮ್ಮ ಸಂಬಳದ ಜೊತೆಗೆ ಬೆಳಗಾವಿಗೂ ಹಳ್ಳಿಗೂ ಇರುವ ಈ ಶೇಕಡ 10ರ ವ್ಯತ್ಯಾಸ ಕೂಡ ಕೈಬಿಡುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಶಾಲೆ. ಕೇಂದ್ರೀಯ ವಿದ್ಯಾಲಯಗಳಲ್ಲಿ 2022ರಿಂದ ಬಾಲವಾಟಿಕಾ, ಅಂದರೆ ಒಂದನೇ ತರಗತಿಗೆ ಮೊದಲಿನ ಶಿಶು ತರಗತಿಗಳು ಆರಂಭವಾಗಿವೆ, ಎಲ್ಲ ವಿದ್ಯಾಲಯಗಳಲ್ಲಿ ಅಲ್ಲ. ಮಾರ್ಚ್ 31ಕ್ಕೆ ನಾಲ್ಕು ತುಂಬಿದವರು ಬಾಲವಾಟಿಕಾ ಎರಡಕ್ಕೆ ಅರ್ಹರು. ಸೈನಿಕರ ಮಕ್ಕಳಿಗೆ ಮೊದಲ ವರ್ಗದ ಆದ್ಯತೆ ಇದೆ. ಕಳೆದ ಏಳು ವರ್ಷಗಳಲ್ಲಿ ಆದ ವರ್ಗಾವಣೆಗಳ ಸಂಖ್ಯೆಯೂ ಎಣಿಕೆಗೆ ಬರುವುದರಿಂದ ಕಮಾಂಡಿಂಗ್ ಆಫೀಸರರ ಸಹಿ ಇರುವ ಪ್ರಮಾಣಪತ್ರವನ್ನು ಈಗಲೇ ಪಡೆದಿಟ್ಟುಕೊಳ್ಳಿ. ಅಲ್ಲಿನ ಖರ್ಚು ಖಾಸಗಿ ಶಾಲೆಗೆ ಹೋಲಿಸಿದರೆ ತೀರ ಕಡಿಮೆ.

ಮಲಪ್ರಭಾ

ಇಬ್ಬರಿಗೂ ವಂದನೆಗಳು. ಪಾರ್ಟ್ ಟು ಆರ್ಡರ್ ವಿಷಯವನ್ನು ಇಂದೇ ಯಜಮಾನರಿಗೆ ಹೇಳಿದೆ. ಮಗನದ್ದು ಇನ್ನೂ ಪ್ರಕಟವಾಗಬೇಕಿದೆಯಂತೆ. ಬಾಲವಾಟಿಕಾ ಮೂರು-ನಾಲ್ಕು ಗಂಟೆಗಳಲ್ಲಿ ಮುಗಿಯುವುದರಿಂದ, ಮಗಳನ್ನು ಅಲ್ಲಿಂದ ಕರೆತಂದು ನನ್ನ ಪಾಳಿ ಮುಗಿಯುವವರೆಗೆ ನೋಡಿಕೊಳ್ಳಲು ಯಾರಾದರೂ ಬೇಕೇ ಬೇಕು. ಆಸ್ಪತ್ರೆಯಲ್ಲಿ ಕೇಳಿದರೆ, ಮಕ್ಕಳನ್ನು ನೋಡಿಕೊಳ್ಳುವುದು ನಮ್ಮ ಜವಾಬ್ದಾರಿಯಲ್ಲ ಎಂದುಬಿಟ್ಟರು.

ಉತ್ತರ: ನರ್ಸಿಂಗ್ ಸೂಪರಿಂಟೆಂಡೆಂಟ್, ಹುಬ್ಬಳ್ಳಿ

ಹಾಗೆ ಹೇಳಲು ಅವರಿಗೆ ಬರುವುದಿಲ್ಲ, ಸಿಸ್ಟರ್. ನಿಮ್ಮ ಆಸ್ಪತ್ರೆಯಲ್ಲಿ ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ, ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಾಗಿನಿಂದಲೂ ಶಿಶುಪಾಲನಾ ಕೇಂದ್ರದ ಸೌಲಭ್ಯ ಕಡ್ಡಾಯ. ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಮಗುವನ್ನು ನೋಡಿ ಬರಲು ಅವಕಾಶ ಕೊಡಬೇಕು. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಐವತ್ತರ ಸಂಖ್ಯೆಯೇ ಉಳಿದಿದೆ. ಕೇಂದ್ರವು ಆಸ್ಪತ್ರೆಯ ಕಟ್ಟಡದಲ್ಲೇ ಇರಬೇಕೆಂದಿಲ್ಲ. ಅಕ್ಕಪಕ್ಕದ ಸಂಸ್ಥೆಗಳು ಸೇರಿ ಒಂದನ್ನು ನಡೆಸಬಹುದು.

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳ ಬಗ್ಗೆ ಹೇಳುತ್ತದೆ. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ತರಬೇತಿ ಪಡೆದ ಒಬ್ಬರು, ದೊಡ್ಡವರಾದರೆ ಇಪ್ಪತ್ತು ಮಕ್ಕಳಿಗೆ ಒಬ್ಬರು, ಜೊತೆಗೆ ಒಬ್ಬ ಸಹಾಯಕಿ ಇರಬೇಕು. ಪಾಳಿಯಲ್ಲಿ ಕೆಲಸ ನಡೆಯುವ ಕಡೆ ಕೇಂದ್ರದ ಸಮಯವೂ ಪಾಳಿಗೆ ಹೊಂದಬೇಕೆಂಬ ಮಾತು ಅದರಲ್ಲಿದೆ. ಈ ಸಂಖ್ಯೆಗಳು ಖಾಸಗಿ ಡೇ ಕೇರ್ ಆರಿಸುವಾಗಲೂ ನಿಮ್ಮ ಕೈಯಲ್ಲಿರಲಿ: ಬೊಂಬೆ ಬಿಡಿಸಿದ ಗೋಡೆಗಳನ್ನು ನೋಡುವ ಮೊದಲು, ನಿಮ್ಮ ಮಗನ ವಯಸ್ಸಿನವರು ಎಷ್ಟು ಜನ, ಅವರನ್ನು ನೋಡಿಕೊಳ್ಳುವವರು ಎಷ್ಟು ಜನ ಎಂದು ಕೇಳಿ.

ಕಾಯ್ದೆಯ ಹೆಸರು ಹೇಳಿ ಒಬ್ಬರೇ ಜಗಳಕ್ಕೆ ನಿಲ್ಲುವುದನ್ನು ನಾನು ಸಲಹೆ ಮಾಡುವುದಿಲ್ಲ. ಚಿಕ್ಕ ಮಕ್ಕಳಿರುವ ಸಹೋದ್ಯೋಗಿಗಳೆಲ್ಲ ಸೇರಿ ಲಿಖಿತ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ. ಅದಕ್ಕೂ ಮಣಿಯದಿದ್ದರೆ ಕಾರ್ಮಿಕ ಇಲಾಖೆ ಇದ್ದೇ ಇದೆ. ಕೇಂದ್ರ ಆರಂಭವಾಗುವವರೆಗೆ ರಾತ್ರಿ ಪಾಳಿಯಿಂದ ವಿನಾಯಿತಿ ಕೇಳಿ. ನಾನು ಡ್ಯೂಟಿ ಪಟ್ಟಿ ಹಾಕುವವಳಾಗಿ ಹೇಳುತ್ತೇನೆ, ಆ ವಿನಾಯಿತಿ ಕೊಡುವುದು ಆಸ್ಪತ್ರೆಗೆ ಅಸಾಧ್ಯವೇನಲ್ಲ, ಕೆಲಸ ಬಲ್ಲ ನರ್ಸನ್ನು ಕಳೆದುಕೊಳ್ಳುವುದಕ್ಕಿಂತ ಸುಲಭವೇ.

ಉತ್ತರ: ಘಟಪ್ರಭಾ ಕಡೆಯವರು

ಎಲ್ಲರೂ ಊರಿನ ದಾರಿಯನ್ನು ತಳ್ಳಿಹಾಕುತ್ತಿರುವುದು ನನಗೆ ಸರಿ ಕಾಣಲಿಲ್ಲ. ನಮ್ಮ ತಮ್ಮನೂ ಸೇನೆಯಲ್ಲಿದ್ದಾನೆ, ಅವನ ಹೆಂಡತಿ ಮಕ್ಕಳು ನಮ್ಮ ಜೊತೆಗೇ ಇದ್ದಾರೆ. ಅಂಗನವಾಡಿಯಲ್ಲಿ ಮೂರರಿಂದ ಆರು ವರ್ಷದವರಿಗೆ ಕಲಿಕೆಯೂ ಊಟವೂ ಸಿಗುತ್ತದೆ. ರಾಜ್ಯ ಸರ್ಕಾರವು 2023-24ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆಂದು ಘೋಷಿಸಿದ ಕೂಸಿನ ಮನೆ ಯೋಜನೆ ಮುಖ್ಯವಾಗಿ ನರೇಗಾ ಕೂಲಿಕಾರರ ಪುಟ್ಟ ಮಕ್ಕಳಿಗಾಗಿ ಬಂದದ್ದಾದರೂ, ನಿಮ್ಮ ಪಂಚಾಯಿತಿಯಲ್ಲಿ ಅದು ನಡೆಯುತ್ತಿದ್ದರೆ ಮಗನನ್ನು ಸೇರಿಸಿಕೊಳ್ಳುವರೇ ಎಂದು ಪಿಡಿಒ ಅವರನ್ನು ಕೇಳುವುದರಲ್ಲಿ ತಪ್ಪೇನಿದೆ? ಅತ್ತೆಯವರು ಇಡೀ ದಿನ ಓಡಾಡಬೇಕಿಲ್ಲ, ಕರೆತಂದ ಮೇಲೆ ಎರಡು ಗಂಟೆ ನೋಡಿಕೊಂಡರಾಯಿತು. ಗೋಕಾಕದಲ್ಲಿಯೂ ಆಸ್ಪತ್ರೆಗಳಿವೆ, ಊರಿಗೆ ಹೋಗುವುದೆಂದರೆ ಕೆಲಸ ಬಿಡುವುದೆಂದೇ ಅರ್ಥವಾಗಬೇಕಿಲ್ಲ.

ಉತ್ತರ: ವಾಯುಪಡೆಯ ಉದ್ಯೋಗಿ, ಜಾಲಹಳ್ಳಿ

ಒಂದು ಗೊಂದಲ ಬಗೆಹರಿಸಲು ಬರೆಯುತ್ತಿದ್ದೇನೆ, ಏಕೆಂದರೆ ಶಿಶುಪಾಲನಾ ರಜೆಯ ಸುದ್ದಿ ಓದಿ ಬಂದ ಹಲವರು ಅದು ಪತ್ನಿಯರಿಗೂ ಸಿಗುತ್ತದೆಯೇ ಎಂದು ನನ್ನನ್ನು ಕೇಳುತ್ತಾರೆ. 2023ರ ನವೆಂಬರ್‌ನಲ್ಲಿ ರಕ್ಷಣಾ ಸಚಿವರು ಒಪ್ಪಿದ ಹೆರಿಗೆ, ಶಿಶುಪಾಲನೆ ಮತ್ತು ದತ್ತು ರಜೆಗಳು ಸಮವಸ್ತ್ರದಲ್ಲಿರುವ ಮಹಿಳಾ ಸೈನಿಕರು, ನಾವಿಕರು ಮತ್ತು ವಾಯುಯೋಧರಿಗೆ ಅಧಿಕಾರಿಗಳ ಸಮಾನವಾಗಿ ದೊರೆಯುವಂಥವು. ಸೈನಿಕರ ಪತ್ನಿಯರಿಗೆ ಅವು ಅನ್ವಯಿಸುವುದಿಲ್ಲ. ನಿಮ್ಮ ಯಜಮಾನರಿಗೆ ಇರುವುದು ವರ್ಷಕ್ಕೆ 60 ದಿನ ವಾರ್ಷಿಕ ರಜೆ ಮತ್ತು 30 ದಿನ ಸಾಂದರ್ಭಿಕ ರಜೆ ಮಾತ್ರ.

ಆ ರಜೆಯನ್ನು ಹಬ್ಬಕ್ಕೂ ಮದುವೆಗಳಿಗೂ ಹಂಚಿಬಿಡುವುದು ನಮ್ಮಲ್ಲಿ ರೂಢಿ. ಮಗ ಡೇ ಕೇರ್‌ಗೆ ಸೇರುವ ಮೊದಲ ವಾರಗಳಲ್ಲಿ ಅವರು ಮನೆಯಲ್ಲಿರುವಂತೆ ಒಂದು ಭಾಗವನ್ನು ಎತ್ತಿಡಲು ಹೇಳಿ. ಆಗ ಮಗುವಿಗೆ ಮೊದಲ ದಿನ ಒಂದು ಗಂಟೆ, ಆಮೇಲೆ ಎರಡು ಗಂಟೆ ಎಂದು ರೂಢಿ ಮಾಡಿಸಬಹುದು, ಜ್ವರ ಬಂದರೆ ನೀವು ರಜೆ ಕೇಳಬೇಕಿಲ್ಲ. ಹೊಸದಾಗಿ ಸೇರಿದ ಮಕ್ಕಳಿಗೆ ಮೊದಮೊದಲು ನೆಗಡಿ, ಜ್ವರ ಬಂದೇ ಬರುತ್ತವೆ, ಜ್ವರ ಇರುವ ಮಗುವನ್ನು ಯಾವ ಡೇ ಕೇರ್‌ನವರೂ ಒಳಗೆ ಬಿಡುವುದಿಲ್ಲ. ಅವರು ಹೊರಡುವ ಮೊದಲೇ ಸೇರಿಸುವುದಾದರೆ ಇನ್ನೂ ಒಳ್ಳೆಯದು.

ಮಲಪ್ರಭಾ

ಎಸ್‌ಎಫ್‌ಎ ಅರ್ಜಿಯನ್ನು ಬರೆದಿಟ್ಟಿದ್ದೇವೆ, ಆರ್ಡರ್ ಬಂದ ದಿನವೇ ಹಾಕುತ್ತೇವೆ. ಆಸ್ಪತ್ರೆಯಲ್ಲಿ ಚಿಕ್ಕ ಮಕ್ಕಳಿರುವವರ ಪಟ್ಟಿ ಮಾಡಲು ನಮ್ಮ ವಾರ್ಡಿನ ಇಬ್ಬರು ಒಪ್ಪಿದ್ದಾರೆ. ಕೂಸಿನ ಮನೆ ನಮ್ಮ ಪಂಚಾಯಿತಿಯಲ್ಲಿದೆಯೇ ಎಂದು ಮಾವನವರು ವಿಚಾರಿಸುತ್ತಾರೆ. ಹೆಡ್ ಕ್ಲರ್ಕ್ ಸರ್, ಒಂದು ಪ್ರಶ್ನೆ ಉಳಿದಿದೆ: ಎಸ್‌ಎಫ್‌ಎ ಸಿಗುವವರೆಗೆ ಹೊರಗೆ ಬಾಡಿಗೆ ಮನೆಯಲ್ಲಿದ್ದರೆ, ಆ ಅವಧಿಗೆ ಬಾಡಿಗೆ ಭತ್ಯೆ ಪಡೆಯಲು ಯಾವ ಕಾಗದ ಕೊಡಬೇಕು?

ನಿವೃತ್ತ ಹೆಡ್ ಕ್ಲರ್ಕ್, ಧಾರವಾಡ

ಕ್ವಾರ್ಟರ್ಸ್ ಖಾಲಿ ಮಾಡಿದ ದಿನಾಂಕದ ಪತ್ರ ಮತ್ತು ಕುಟುಂಬ ವಾಸಿಸುವ ಊರಿನ ಘೋಷಣೆ, ಇವೆರಡನ್ನೂ ಯಜಮಾನರು ಹೊಸ ಯೂನಿಟ್‌ನ ಕಚೇರಿಗೆ ಒಟ್ಟಿಗೇ ಕೊಡಲಿ, ಬೇರೇನು ಬೇಕೆಂದು ಅಲ್ಲಿಯೇ ಕೇಳಿಕೊಳ್ಳಲಿ. ಎರಡರದ್ದೂ ಒಂದೊಂದು ಪ್ರತಿ ನಿಮ್ಮ ಬಳಿಯೂ ಇರಬೇಕು.