ಪ್ಲಾಸ್ಟಿಕ್ ಫಿನ್ ಬಿಟ್ಟು ಫೈಬರ್, ಕಾರ್ಬನ್‌ಗೆ: ಗುಂಪಿನಲ್ಲಿ ತರಬೇತುದಾರರಿಗೆ ಊರೂರಿನವರ ಪ್ರಶ್ನೆಗಳು

ಉಡುಪಿ: ಸರ್, ಉಸಿರು ಹಿಡಿದು ಮುಳುಗಿ ಮೀನು ಹೊಡೆಯಲು ಎರಡು ವರ್ಷದಿಂದ ಕಾಲಿಗೆ ಪ್ಲಾಸ್ಟಿಕ್ ಉದ್ದ ಫಿನ್ (ಈಜುರೆಕ್ಕೆ). ತೂಕ 68 ಕೆಜಿ, 12 ಮೀಟರ್ ಇಳಿಯುತ್ತೇನೆ. ಫೈಬರ್‌ಗ್ಲಾಸೋ ಕಾರ್ಬನ್ನೋ?

ತರಬೇತುದಾರ: ಫೈಬರ್‌ಗ್ಲಾಸ್, ಸಾಫ್ಟ್ (ಸುಲಭವಾಗಿ ಬಾಗುವಂಥದ್ದು). ಅದಕ್ಕೂ ಮೊದಲು ಫುಟ್‌ಪಾಕೆಟ್, ಅಂದರೆ ಪಾದ ತೂರಿಸುವ ರಬ್ಬರ್ ಭಾಗ, ನೀವು ಹಾಕುವ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಹಿಮ್ಮಡಿ ಜಾರಿದರೆ ಬ್ಲೇಡಿಗೆ (ಫಿನ್ನಿನ ಮುಂದಿನ ಉದ್ದ ಹಲಗೆಗೆ) ಕೊಟ್ಟ ದುಡ್ಡು ದಂಡ. ಬೆರಳು ಜೋಮು ಹಿಡಿದರೆ ಸೈಜ್ ಚಿಕ್ಕದು.

ಕುಮಟಾ: ಕಾರ್ಬನ್ನೇ ತಗೊಳ್ಳಿ. ಹಗುರ, ಒದ್ದಷ್ಟೂ ಚಿಮ್ಮುತ್ತದೆ.

ಮಸ್ಕತ್: ಬಂಡೆ ಸಂದಿಯಲ್ಲಿ ಮೀನು ಹೊಡೆಯುವವರಿಗೆ ಕಾರ್ಬನ್ ಹೇಳಬೇಡಿ ಮಾರಾಯ್ರೆ. ಕಲ್ಲಿಗೆ ಬಡಿದರೆ ಅಂಚು ಒಡೆಯುತ್ತದೆ. ಫೈಬರ್ ಗೀರಿದರೂ ಇನ್ನಷ್ಟು ದಿನ ಓಡುತ್ತದೆ.

ಕುಂದಾಪುರ: ಬ್ಲೇಡ್ ಪಾಕೆಟ್ ಒಳಗೆ ಹೋಗುತ್ತಿಲ್ಲ. ತೆಂಗಿನೆಣ್ಣೆ ಹಚ್ಚಿ ಅಂತ ಫಾರ್ವರ್ಡ್ ಬಂದಿದೆ.

ತರಬೇತುದಾರ: ಹಚ್ಚಬೇಡಿ. ರಬ್ಬರ್ ಉಬ್ಬುತ್ತದೆ, ಆಮೇಲೆ ಅಂಟೂ ಹಿಡಿಯುವುದಿಲ್ಲ. ಕೈ ತಡೆಯುವಷ್ಟು ಬಿಸಿ ನೀರಿಗೆ ಪಾತ್ರೆ ಸೋಪು ನಾಲ್ಕು ಹನಿ ಬಿಟ್ಟು, ಪಾಕೆಟ್ ಹತ್ತು ನಿಮಿಷ ನೆನೆಸಿ ಬ್ಲೇಡ್ ಒತ್ತಿ. ಅಂಚು ಎರಡೂ ಪಕ್ಕದ ರಬ್ಬರ್ ಸಂದಿಯಲ್ಲಿ ಸಮನಾಗಿ ಕೂರಬೇಕು. ತೊಳೆದು ಒಣಗಿಸಿ ಸ್ಕ್ರೂ ಹಾಕಿ. ಅತಿ ಬಿಗಿದರೆ ತೂತಿನ ಸುತ್ತ ಪದರ ಬಿಡುತ್ತದೆ.

ಭಟ್ಕಳ: ಫೈಬರ್ ಹಾಕಿದ ಮೇಲೆ 12ರಿಂದ 19 ಮೀಟರಿಗೆ ಹೋದೆ. ಮೀನು ಕಾದು ಮೇಲೆ ಬಂದಾಗ ತುಟಿ ಜುಮ್ಮೆನ್ನುತ್ತದೆ, ಕಣ್ಣ ಮುಂದೆ ಚುಕ್ಕೆ. ಹೋಗುವುದು ಒಬ್ಬನೇ. ಇನ್ನೂ ಸಾಫ್ಟ್ ಬ್ಲೇಡ್ ಬೇಕಾ?

ತರಬೇತುದಾರ: ಬ್ಲೇಡಿನ ಮಾತು ಆಮೇಲೆ. ಅದು ಆಮ್ಲಜನಕ ಮುಗಿಯುತ್ತಿರುವ ಲಕ್ಷಣ. ಫಿನ್ ನಿಮ್ಮನ್ನು ಆಳಕ್ಕೆ ಒಯ್ದಿದೆ, ದೇಹ ಇನ್ನೂ ಅಲ್ಲಿಗೆ ಪಳಗಿಲ್ಲ. ಮೇಲೆ ಬರುವಾಗ ಕೊನೆಯ ಹತ್ತು ಮೀಟರಿನಲ್ಲಿ ಒತ್ತಡ ಅರ್ಧಕ್ಕೆ ಇಳಿಯುತ್ತದೆ, ರಕ್ತಕ್ಕೆ ಸಿಗುವ ಆಮ್ಲಜನಕವೂ ಕುಸಿಯುತ್ತದೆ. ಪ್ರಜ್ಞೆ ತಪ್ಪುವುದು ಹೆಚ್ಚಾಗಿ ಅಲ್ಲೇ, ಅಥವಾ ತಲೆ ಹೊರಗೆ ಬಂದ ಮೇಲೆ. ಒಬ್ಬರೇ ಇದ್ದರೆ ಮುಖ ನೀರಿಗೆ, ಅಷ್ಟೇ. 12ಕ್ಕೆ ವಾಪಸ್ ಬನ್ನಿ. ಒಬ್ಬರು ಇಳಿದರೆ ಇನ್ನೊಬ್ಬರು ಮೇಲೆ, ಕಣ್ಣು ಅವರ ಮೇಲೇ. ಎದ್ದ ಮೇಲೂ 30 ಸೆಕೆಂಡ್ ನೋಡಬೇಕು. ಮುಳುಗಿದ ಸಮಯದ ಎರಡು ಪಟ್ಟಾದರೂ ವಿಶ್ರಾಂತಿ. ಸೊಂಟದ ಬೆಲ್ಟಿನ ಸೀಸದ ತೂಕ ಕಡಿಮೆ ಮಾಡಿ, ಉಸಿರು ಬಿಟ್ಟ ಮೇಲೂ ನೀರಿನ ಮೇಲೆ ತೇಲಬೇಕು. ಆ ಜುಮ್ಮು ಮತ್ತೆ ಬಂದರೆ ಅವತ್ತಿನ ಬೇಟೆ ಮುಗಿಯಿತು.

ಕುಮಟಾ: ಇಳಿಯುವ ಮೊದಲು 20 ಸಲ ಜೋರಾಗಿ ಉಸಿರಾಡಿದರೆ ಚುಕ್ಕೆ ಬರಲ್ಲ ಅಂತ ಫಾರ್ವರ್ಡ್ ಬಂದಿದೆ, ಗುಂಪಿಗೆ ಹಾಕ್ತೇನೆ.

ತರಬೇತುದಾರ: ಹಾಕಬೇಡಿ! ಅದರಿಂದ ಹೋಗುವುದು ಕಾರ್ಬನ್ ಡೈಆಕ್ಸೈಡ್. ಉಸಿರು ಬೇಕೆನ್ನುವ ತುರ್ತು ತಡವಾಗಿ ಬರುತ್ತದೆ, ಆಮ್ಲಜನಕ ಅಷ್ಟೇ ಇರುತ್ತದೆ. ಇದನ್ನು ಕಳಿಸುವವರು ಜನರನ್ನು ಮುಳುಗಿಸುತ್ತಿದ್ದಾರೆ.

ಮಸ್ಕತ್: ಮೊದಲು ಕಾರ್ಬನ್, ಈಗ ಇದು. ಓದದೆ ಕಳಿಸುವುದನ್ನು ಬಿಡಿ.

ಕುಮಟಾ: ನೀವೇನು ಡಾಕ್ಟರಾ?

ಮಂಗಳೂರು: ಬ್ಲೇಡ್ ಇಲ್ಲದೆ ಫುಟ್‌ಪಾಕೆಟ್ ಮಾತ್ರ ಇಲ್ಲಿ ಯಾವ ಅಂಗಡಿಯಲ್ಲಿ ಸಿಗ್ತದೆ?

ಕಾರವಾರ: 72 ಕೆಜಿ. ಫೈಬರಾ ಕಾರ್ಬನ್ನಾ ಸರ್?

ತರಬೇತುದಾರ: ಮೇಲೆ ಓದಿ.

ತರಬೇತುದಾರ: ಭಟ್ಕಳದವರೇ, ಮುಂದಿನ ಸಲ ನಿಮ್ಮ ಜೊತೆ ಯಾರು ಬರುತ್ತಾರೆ? ಇಳಿಯುವ ಮೊದಲು ಇಲ್ಲೇ ಬರೆಯಿರಿ.