ಬೆಂಗಳೂರಿನ ಬಾಲ್ಕನಿಯಲ್ಲಿ ಗುಲಾಬಿ: ಎಲೆ ಉದುರುವುದೇಕೆ, ಸವರುವುದು ಯಾವಾಗ?

ಪ್ರಶ್ನೆ (ಕನಕಪುರ ರಸ್ತೆ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರನೆಯ ಮಹಡಿಯ ಮನೆ. ಏಪ್ರಿಲ್ ಕೊನೆಯಲ್ಲಿ ನರ್ಸರಿಯಿಂದ ದೊಡ್ಡ ಹೂವಿನ ಕೆಲವು ಹೈಬ್ರಿಡ್ ಟೀ ಗುಲಾಬಿಗಳನ್ನೂ ಸಣ್ಣ ಹೂವಿನ ಬಟನ್ ರೋಸ್ ಗಿಡಗಳನ್ನೂ ತಂದು, ಉತ್ತರ ದಿಕ್ಕಿನ ಬಾಲ್ಕನಿಯಲ್ಲಿ ಕುಂಡಗಳಲ್ಲಿ ನೆಟ್ಟಿದ್ದೇನೆ. ಮೇ ತಿಂಗಳಿನಲ್ಲಿ ಬೆಳಗ್ಗೆಯೂ ಸಂಜೆಯೂ ಓರೆಬಿಸಿಲು ಚೆನ್ನಾಗಿ ಬೀಳುತ್ತಿತ್ತು, ಹೂವೂ ಬಂದವು. ಈಗ ಸೆಪ್ಟೆಂಬರ್ ಮೊದಲ ವಾರ. ಬಿಸಿಲು ಕಟಕಟೆಯ ಅಂಚಿಗೆ ಸರಿದಿದೆ. ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆಗಳು ಮೂಡಿ, ಸುತ್ತಲೂ ಹಳದಿಯಾಗಿ, ಮುಟ್ಟಿದರೆ ಉದುರುತ್ತಿವೆ. ತುದಿಯ ಎಳೆ ಎಲೆಗಳ ತೊಂದರೆ ಬೇರೆ ಬಗೆಯದು: ನರಗಳು ಹಸಿರಾಗಿಯೇ ಇದ್ದು, ನಡುವಿನ ಭಾಗ ಮಾತ್ರ ಬಿಳಿಚಿಕೊಂಡಿದೆ. ನಮಗೆ ಬರುವುದು ಬೋರ್‌ವೆಲ್ ನೀರು, ಅದೂ ಸಾಫ್ಟ್‌ನರ್ ಮೂಲಕ.

ಅಂತರ್ಜಾಲದಲ್ಲಿ ಓದಿದ ಲೇಖನಗಳಲ್ಲಿ ಬಹುಪಾಲು, ಚಳಿಗಾಲದ ಕೊನೆಯಲ್ಲಿ ಗಿಡವನ್ನು ಮೊಣಕಾಲೆತ್ತರಕ್ಕೆ ಸವರಬೇಕೆಂದು ಹೇಳುತ್ತವೆ. ನಮ್ಮ ಊರಿಗೂ ಇದು ಅನ್ವಯಿಸುತ್ತದೆಯೇ? ಮಂಗಳೂರಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಇದೇ ಗಿಡಗಳು ಜುಲೈ ಹೊತ್ತಿಗೇ ಬರಿಯ ಕಡ್ಡಿಗಳಾಗಿದ್ದವು. ಅವರಿಗೂ ಏನಾದರೂ ಸಲಹೆ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ (ಜಯನಗರ, ಬೆಂಗಳೂರು)

ನಮಸ್ಕಾರ. ಮೊದಲಿಗೆ ಬಾಲ್ಕನಿಯ ವಿಷಯ ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಸೆಪ್ಟೆಂಬರ್ 23ರ ಸುಮಾರಿಗೆ ಸೂರ್ಯೋದಯ ನೇರ ಪೂರ್ವಕ್ಕೆ ಬಂದು, ಅಲ್ಲಿಂದ ಮಾರ್ಚ್ ತನಕ ದಕ್ಷಿಣಕ್ಕೆ ವಾಲಿರುತ್ತದೆ. ಅಂದರೆ ನಿಮ್ಮ ಬಾಲ್ಕನಿಗೆ ಇನ್ನು ಆರು ತಿಂಗಳು ನೇರ ಬಿಸಿಲು ಇಲ್ಲವೆಂದೇ ತಿಳಿಯಿರಿ. ಗುಲಾಬಿಗೆ ದಿನಕ್ಕೆ ಆರು ಗಂಟೆಯ ಬಿಸಿಲಾದರೂ ಬೇಕು. ಕಟ್ಟಡದ ನಿವಾಸಿಗಳ ಸಂಘದವರ ಒಪ್ಪಿಗೆ ಪಡೆದು ಕುಂಡಗಳನ್ನು ತಾರಸಿಗೆ ಸಾಗಿಸಿ, ಇಲ್ಲವೇ ಮನೆಯ ಪೂರ್ವ ಅಥವಾ ದಕ್ಷಿಣದ ಕಿಟಕಿಯ ಹೊರಗೆ ಭದ್ರವಾದ ಕಂಬಿಯೊಳಗೆ ಇಡಿ. ಇಷ್ಟು ಮಾಡದೆ ಔಷಧಿ ಸಿಂಪಡಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಕಪ್ಪು ಚುಕ್ಕೆ ಒಂದು ಶಿಲೀಂಧ್ರ ರೋಗ. ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಚುಕ್ಕೆಯ ಅಂಚು ದುಂಡಗೆ ಕತ್ತರಿಸಿದಂತಿರದೆ, ಸಣ್ಣ ಎಳೆಗಳಾಗಿ ಸುತ್ತಲೂ ಹರಡಿರುವುದು ಕಾಣುತ್ತದೆ. ಇದರ ಬೀಜಕಣ ಎಲೆಯೊಳಗೆ ಇಳಿಯಬೇಕಾದರೆ ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿರಬೇಕು. ಸಂಜೆ ಗಿಡದ ಮೇಲೆ ನೀರು ಚಿಮುಕಿಸಿದರೆ ಆ ಏಳು ಗಂಟೆಗಳನ್ನು ನಾವೇ ಕೊಟ್ಟಂತಾಗುತ್ತದೆ. ನೀರನ್ನು ಬೆಳಗ್ಗೆ, ಬುಡಕ್ಕೆ ಮಾತ್ರ ಹಾಕಿ. ಕುಂಡಗಳ ನಡುವೆ ಗಾಳಿಯಾಡಲು ಜಾಗ ಬಿಡಿ. ಉದುರಿದ ಎಲೆಗಳನ್ನು ಆರಿಸಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಮಳೆಯ ಹನಿ ಅವುಗಳ ಮೇಲೆ ಬಿದ್ದು ಸಿಡಿದಾಗಲೇ ರೋಗ ಮೇಲಿನ ಎಲೆಗೆ ಏರುವುದು.

ಎಳೆ ಎಲೆ ಬಿಳಿಚುವುದು ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಬೋರ್‌ವೆಲ್ ನೀರಿನ ಕ್ಷಾರತೆಯಿಂದಾಗಿ ಬೇರಿಗೆ ಅದು ದಕ್ಕುತ್ತಿಲ್ಲ. ಸಾಫ್ಟ್‌ನರ್ ಈ ತೊಂದರೆಯನ್ನು ನಿವಾರಿಸುವುದಿಲ್ಲ, ಇನ್ನೊಂದನ್ನು ಸೇರಿಸುತ್ತದೆ: ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ತೆಗೆದು ಆ ಜಾಗದಲ್ಲಿ ಸೋಡಿಯಂ ತುಂಬುತ್ತದೆ, ಕ್ಷಾರತೆ ಹಾಗೆಯೇ ಉಳಿಯುತ್ತದೆ. ಕುಂಡದ ಮಣ್ಣಿನಲ್ಲಿ ಸೋಡಿಯಂ ಸೇರುತ್ತ ಹೋದರೆ ಬೇರು ಸೊರಗುತ್ತದೆ. ಸಾಫ್ಟ್‌ನರ್‌ಗೆ ಹೋಗುವ ಮೊದಲೇ ನೀರು ಸಿಗುವ ನಲ್ಲಿ ಯಾವುದೆಂದು ವಿಚಾರಿಸಿ, ಅದಕ್ಕಿಂತ ಒಳ್ಳೆಯದು ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಡುವುದು. ಸದ್ಯಕ್ಕೆ ಬೇರಿಗೆ ದಕ್ಕುವ ರೂಪದಲ್ಲಿರುವ ಚೀಲೇಟೆಡ್ ಕಬ್ಬಿಣವನ್ನು ಪೊಟ್ಟಣದ ಮೇಲಿನ ಪ್ರಮಾಣದಂತೆ ಕೊಟ್ಟರೆ ಹೊಸ ಎಲೆಗಳು ಹಸಿರಾಗಿ ಬರುತ್ತವೆ.

ಇನ್ನು ಸವರುವ ವಿಚಾರ. ನೀವು ಓದಿದ್ದು ಹಿಮ ಬೀಳುವ ನಾಡುಗಳಿಗಾಗಿ ಬರೆದದ್ದು. ಅಲ್ಲಿ ಗುಲಾಬಿ ಎಲೆ ಕಳಚಿ ತಿಂಗಳುಗಟ್ಟಲೆ ನಿದ್ರಿಸುತ್ತದೆ, ಚಳಿ ಮುಗಿಯುವಾಗ ಸವರಿದರೆ ವಸಂತದ ಚಿಗುರು ಬರುತ್ತದೆ. ಬೆಂಗಳೂರಿನಲ್ಲಿ ಗುಲಾಬಿ ವರ್ಷದಲ್ಲಿ ಒಂದು ದಿನವೂ ನಿದ್ರಿಸುವುದಿಲ್ಲ. ಆದ್ದರಿಂದ ಇಲ್ಲಿ ನಾವು ನೋಡಬೇಕಾದದ್ದು ಚಳಿಯನ್ನಲ್ಲ, ಮಳೆಯನ್ನು. ಸೆಪ್ಟೆಂಬರ್ ನಮ್ಮಲ್ಲಿ ಅತಿ ಹೆಚ್ಚು ಮಳೆ ಬೀಳುವ ತಿಂಗಳು, ಈಗ ಕತ್ತರಿಸಿದರೆ ಗಾಯದೊಳಗೆ ತೇವ ಇಳಿದು ಕಡ್ಡಿ ತುದಿಯಿಂದ ಕಪ್ಪಾಗಿ ಒಣಗುತ್ತ ಬರುತ್ತದೆ. ಅಕ್ಟೋಬರ್ ಎರಡನೆಯ ಭಾಗದಲ್ಲಿ, ಎರಡು ಮೂರು ದಿನ ಒಣಹವೆ ಸಿಕ್ಕಾಗ ಸವರಿ. ಒಣಕಡ್ಡಿ, ಸಣಕಲು ಕಡ್ಡಿಗಳನ್ನು ಪೂರ್ತಿ ತೆಗೆದು, ಗಟ್ಟಿ ಕೊಂಬೆಗಳನ್ನು ಅರ್ಧಕ್ಕಿಂತ ಕೆಳಗೆ ಹೋಗದಂತೆ, ಹೊರಮುಖವಾದ ಮೊಗ್ಗಿನ ಮೇಲೆ ಕಾಲು ಅಂಗುಲ ಬಿಟ್ಟು ಓರೆಯಾಗಿ ಕತ್ತರಿಸಿ. ಸವರಿದ ಆರೇಳು ವಾರಗಳಿಗೆ ಹೂವು ಬರುತ್ತದೆ. ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಹೂವು ಬೇಕೆನ್ನುವವರು ಇದೇ ಲೆಕ್ಕದಲ್ಲಿ ಹಿಂದಕ್ಕೆ ಎಣಿಸಬೇಕು.

ಒಂದು ಮಾತು ಉಳಿಯಿತು. ಕಸಿ ಗಂಟಿನ, ಅಂದರೆ ಬೇರುಗಿಡಕ್ಕೆ ನಮ್ಮ ತಳಿಯನ್ನು ಕೂಡಿಸಿದ ಜಾಗದ, ಕೆಳಗಿನಿಂದ ಬರುವ ಚಿಗುರನ್ನು ಬೆಳೆಯಲು ಬಿಡಬೇಡಿ, ಬುಡದಲ್ಲೇ ಕಿತ್ತುಹಾಕಿ.

ಉತ್ತರ (ಮಂಗಳೂರು)

ಅಕ್ಕನವರಿಗೆ ನನ್ನ ಸಲಹೆ: ಕರಾವಳಿಯ ಆ ನಾಲ್ಕು ತಿಂಗಳ ಮಳೆಯಲ್ಲಿ ಹೈಬ್ರಿಡ್ ಟೀ ಗುಲಾಬಿಯನ್ನು ಬಯಲಿನಲ್ಲಿ ಉಳಿಸುವ ಹಟ ಬೇಡ. ಜೂನ್‌ಗೆ ಮೊದಲೇ ಕುಂಡಗಳನ್ನು ಬೆಳಕು ಬೀಳುವ ಮಾಡಿನ ಕೆಳಗೆ, ಇಟ್ಟಿಗೆಯ ಮೇಲೆ ಇರಿಸಿ, ಗೊಬ್ಬರ ನಿಲ್ಲಿಸಬೇಕು. ನೆಲದಲ್ಲಿ ನೆಡುವುದಾದರೆ ನಾಟಿ ಗುಲಾಬಿ, ಪನ್ನೀರು ಗುಲಾಬಿಗಳೇ ಸರಿ. ಇನ್ನೊಂದು ಎಚ್ಚರಿಕೆ: ನಮ್ಮಲ್ಲಿ ಅಡಿಕೆಯ ಕೊಳೆರೋಗಕ್ಕೆಂದು ಮೈಲುತುತ್ತ (ತಾಮ್ರದ ಲವಣ), ಸುಣ್ಣ ಬೆರೆಸಿ ತಯಾರಿಸಿದ ಬೋರ್ಡೋ ದ್ರಾವಣ ಉಳಿದರೆ ಅದನ್ನೇ ಗುಲಾಬಿಗೂ ಹೊಡೆಯುವ ರೂಢಿಯಿದೆ. ತಂಪು, ತೇವದ ದಿನಗಳಲ್ಲಿ ತಾಮ್ರವು ಗುಲಾಬಿಯ ಎಳೆ ಎಲೆಗಳನ್ನು ಸುಡುತ್ತದೆ. ಸವರಿದ ತುದಿಗೆ ಬೋರ್ಡೋ ಪೇಸ್ಟ್ ಹಚ್ಚುವುದಕ್ಕೆ ಮಾತ್ರ ಅದನ್ನು ಬಳಸಿ.

ಉತ್ತರ (ಕಲಬುರಗಿ)

ನಮ್ಮ ಕಡೆ ಕಥೆ ತಿರುವು ಮುರುವು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ಕಪ್ಪು ಚುಕ್ಕೆಗಿಂತ ಕೆಂಪು ನುಸಿಯ ಕಾಟವೇ ಹೆಚ್ಚು. ಎಲೆಯ ಅಡಿಯಲ್ಲಿ ಸೂಕ್ಷ್ಮ ಬಲೆ ಕಟ್ಟಿ, ರಸ ಹೀರಿ, ಎಲೆಯನ್ನು ಕಂಚಿನ ಬಣ್ಣಕ್ಕೆ ತಿರುಗಿಸುತ್ತದೆ. ಅದಕ್ಕೆ ನಾವು ಬೆಳಗ್ಗೆ ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹೊಡೆಯುತ್ತೇವೆ. ಬಿಸಿಲಿಗೆ ಕಾಯುವ ಪ್ಲಾಸ್ಟಿಕ್ ಕುಂಡವನ್ನು ದೊಡ್ಡ ಮಣ್ಣಿನ ಕುಂಡದೊಳಗೆ ಇಳಿಸಿ, ನಡುವಿನ ಸಂದಿಗೆ ಮರಳು ತುಂಬಿ ಒದ್ದೆಯಾಗಿಟ್ಟರೆ ಬೇರು ತಂಪಾಗಿರುತ್ತದೆ. ಎರೆಮಣ್ಣನ್ನು ಮಾತ್ರ ಕುಂಡಕ್ಕೆ ತುಂಬಬೇಡಿ, ಒಣಗಿದಾಗ ಬಿರಿದು ಬೇರು ಹರಿಯುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ತಾರಸಿಗೆ ಅನುಮತಿ ಸಿಕ್ಕಿದೆ. ಒಂದು ಸಂದೇಹ: ನರ್ಸರಿಯ ಜೇಡಿಮಣ್ಣಿನ ಮುದ್ದೆಯನ್ನು ಹಾಗೆಯೇ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣದ ನಡುವೆ ಇಟ್ಟಿದ್ದೆ. ಬೆರಳು ಇಳಿಸಿ ನೋಡಿದರೆ ಸುತ್ತಲಿನ ಮಿಶ್ರಣ ಒದ್ದೆಯಾಗಿದೆ, ಮುದ್ದೆ ಮಾತ್ರ ಒಣಗಿ ಗಟ್ಟಿಯಾಗಿದೆ. ಈಗಲೇ ಬಿಡಿಸಲೇ?

ಉತ್ತರ (ಜಯನಗರ, ಬೆಂಗಳೂರು)

ಈಗ ಬೇಡ, ಎಲೆ ಕಳೆದುಕೊಂಡ ಗಿಡಕ್ಕೆ ಬೇರಿನ ಗಾಯವೂ ಸೇರಬಾರದು. ಸದ್ಯಕ್ಕೆ ಮುದ್ದೆಯಲ್ಲಿ ತೆಳುವಾದ ಕಡ್ಡಿಯಿಂದ ಮೂರು ನಾಲ್ಕು ಕಡೆ ರಂಧ್ರ ಮಾಡಿ, ನೀರನ್ನು ಕಾಂಡದ ಪಕ್ಕದಲ್ಲೇ ನಿಧಾನವಾಗಿ ಹನಿಸಿ. ಅಕ್ಟೋಬರಿನಲ್ಲಿ ಸವರಿದ ದಿನವೇ ಕುಂಡದಿಂದ ತೆಗೆದು, ಬಕೆಟ್ ನೀರಿನಲ್ಲಿ ಅದ್ದಿ ಹೊರಪದರವನ್ನಷ್ಟೇ ಕರಗಿಸಿ, 12 ಅಂಗುಲದ ಕುಂಡದಲ್ಲಿ ಕೆಮ್ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ ಸಮಪಾಲಿಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ನೆಡಿ. ಕಲಬುರಗಿಯವರು ಹೇಳಿದಂತೆ ಎಲೆ ತೊಳೆಯುವ ಕ್ರಮ ಇಲ್ಲಿಯೂ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಸರಿಹೋಗುತ್ತದೆ. ಈ ಮಳೆಗಾಲದಲ್ಲಿ ಮಾತ್ರ ಅದನ್ನು ಮಾಡಬೇಡಿ.